ಬೀಚರ್ ಬೈಬಲ್ ಆ್ಯಂಡ್ ರೈಫಲ್ ಚರ್ಚ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ವಬಾನ್ಸಿ ಅಂತ ಒಂದು ಪುಟ್ಟ ಊರಿದೆ. ಅಲ್ಲೊಂದು ಸುಣ್ಣಕಲ್ಲಿನ ಚರ್ಚ್. ಅದರ ಹೆಸರು ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಒಂದರ ಹಿಂದೆ ಒಂದು ಪ್ರಶ್ನೆ ಕೇಳುತ್ತಾರೆ. ಆ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಚರ್ಚಿಗೆ ಹೀಗೂ ಹೆಸರಿಡ್ತಾರಾ?

ಯಾರೂ ಕೂತು ಇಟ್ಟ ಹೆಸರಲ್ಲ. 1857ರಲ್ಲಿ ಭಕ್ತರ ಸಭೆ ಶುರುವಾದಾಗ ಅದು 'ಫಸ್ಟ್ ಚರ್ಚ್ ಆಫ್ ಕ್ರೈಸ್ಟ್ ಇನ್ ವಬಾನ್ಸಿ' ಆಗಿತ್ತು. ಆದರೆ ಅದಕ್ಕೂ ಒಂದು ವರ್ಷ ಮೊದಲು, ಈ ಊರಿಗೆ ಹೊರಟವರಿಗೆ ಬ್ರೂಕ್ಲಿನ್‌ನ ಪಾದ್ರಿ ಹೆನ್ರಿ ವಾರ್ಡ್ ಬೀಚರ್ ಅವರ ಸಭೆಯವರು 25 ಬೈಬಲ್ ಕೊಟ್ಟಿದ್ದರು. ಜೊತೆಗೆ 25 ರೈಫಲ್ ಕೊಳ್ಳಲು ದುಡ್ಡನ್ನೂ ಕೊಟ್ಟಿದ್ದರು. ಪೇಪರಿನವರು ಇದನ್ನು ಬಿಡ್ತಾರಾ? ಬಂದವರ ಗುಂಪು 'ಬೀಚರ್ ಬೈಬಲ್ ಆ್ಯಂಡ್ ರೈಫಲ್ ಕಾಲೊನಿ' ಆಯಿತು. ಅವರು ಕಟ್ಟಿದ ಚರ್ಚಿಗೂ ಅದೇ ಹೆಸರು ಅಂಟಿಕೊಂಡಿತು.

ಹೊಸ ಊರಿಗೆ ಹೋಗಿ ಬೇಸಾಯ ಮಾಡೋಕೆ ರೈಫಲ್ ಯಾಕೆ?

ಇದು ಅರ್ಥವಾಗಬೇಕಾದರೆ ಎರಡು ವರ್ಷ ಹಿಂದಕ್ಕೆ ಹೋಗಬೇಕು.

1820ರ ಒಪ್ಪಂದದ ಪ್ರಕಾರ ಪಶ್ಚಿಮದ ಆ ಭಾಗದಲ್ಲಿ ಗುಲಾಮಗಿರಿಗೆ ಜಾಗ ಇರಲಿಲ್ಲ. 1854ರ ಮೇ 30ರಂದು ಸಹಿಯಾದ ಕಾನ್ಸಾಸ್-ನೆಬ್ರಾಸ್ಕ ಕಾಯಿದೆ ಆ ಕಟ್ಟಳೆಯನ್ನು ಅಳಿಸಿಹಾಕಿತು. ಗುಲಾಮರನ್ನು ಇಟ್ಟುಕೊಳ್ಳಬಹುದೋ ಬೇಡವೋ ಅನ್ನುವುದನ್ನು ಅಲ್ಲಿ ನೆಲೆಸುವ ಜನರೇ ತೀರ್ಮಾನ ಮಾಡಲಿ ಅಂತ ಕಾಯಿದೆ ಹೇಳಿತು. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಆದರೆ 'ಅಲ್ಲಿನ ಜನ' ಅಂದರೆ ಯಾರು? ಮೊದಲು ಹೋಗಿ ಕೂತವರೇ ಅಲ್ಲಿನ ಜನ. ಹಾಗಾಗಿ ಎರಡೂ ಕಡೆಯವರು ಜನರನ್ನು ಸಾಗಿಸಲು ಶುರು ಮಾಡಿದರು.

ಪಕ್ಕದ ಮಿಸೌರಿ ಗುಲಾಮಗಿರಿ ಇದ್ದ ರಾಜ್ಯ. ಅಲ್ಲಿಂದ ಗಡಿ ದಾಟಿ ಬಂದು ವೋಟು ಹಾಕಿ, ಸಂಜೆಗೆ ವಾಪಸ್ ಹೋಗುವುದು ಕಷ್ಟವಾಗಿರಲಿಲ್ಲ. 1855ರ ಮಾರ್ಚ್ 30ರ ಚುನಾವಣೆಯ ಲೆಕ್ಕ ನೋಡಿ. ಇಡೀ ಪ್ರಾಂತ್ಯದಲ್ಲಿ ವೋಟು ಹಾಕಲು ಅರ್ಹರಿದ್ದವರು 2,905 ಮಂದಿ. ಬಿದ್ದ ವೋಟು 6,307. ನಮ್ಮೂರಲ್ಲಿ ಕಳ್ಳ ವೋಟಿನ ಸುದ್ದಿ ಕೇಳಿ ಬೆಳೆದವರಿಗೂ ಈ ಲೆಕ್ಕ ಜಾಸ್ತಿ ಅನ್ನಿಸುತ್ತದೆ.

ಹಾಗೆ ಗೆದ್ದವರು ಮಾಡಿದ ಕಾನೂನು ಇನ್ನೂ ಜೋರಾಗಿತ್ತು. ಗುಲಾಮರನ್ನು ದಂಗೆಗೆ ಎಬ್ಬಿಸಿದರೆ ಗಲ್ಲು. ಓಡಿಹೋಗಲು ನೆರವಾದರೆ ಗಲ್ಲು ಅಥವಾ ಕನಿಷ್ಠ ಹತ್ತು ವರ್ಷ ಕಠಿಣ ಸಜೆ. 'ಈ ಪ್ರಾಂತ್ಯದಲ್ಲಿ ಗುಲಾಮರನ್ನು ಇಟ್ಟುಕೊಳ್ಳುವ ಹಕ್ಕು ಯಾರಿಗೂ ಇಲ್ಲ' ಅಂತ ಬಾಯಿಬಿಟ್ಟು ಹೇಳಿದರೂ ಕನಿಷ್ಠ ಎರಡು ವರ್ಷ. ಇಂಥ ಜಾಗಕ್ಕೆ, ಅದೇ ಮಾತು ಹೇಳುವುದಕ್ಕಾಗಿಯೇ, ಕುಟುಂಬ ಕಟ್ಟಿಕೊಂಡು ಹೊರಟವರು ಇವರು. ಬರಿಗೈಲಿ ಹೋಗುತ್ತೇವೆ ಅಂದಿದ್ದರೆ ಮನೆಯವರೇ ಬಿಡುತ್ತಿರಲಿಲ್ಲ.

ಬೀಚರ್ ಈ ಚರ್ಚಿನ ಪಾದ್ರಿಯಾಗಿದ್ದರಾ?

ಇಲ್ಲ. ಅವರ ಚರ್ಚ್ ಇದ್ದದ್ದು ನ್ಯೂಯಾರ್ಕ್ ಪಕ್ಕದ ಬ್ರೂಕ್ಲಿನ್‌ನಲ್ಲಿ. ಪ್ಲಿಮತ್ ಚರ್ಚ್ ಅಂತ ಅದರ ಹೆಸರು. 1847ರಿಂದ ಅವರು ಅಲ್ಲಿದ್ದರು. ಆ ಕಾಲದ ಅಮೆರಿಕದಲ್ಲಿ ಅವರಷ್ಟು ಹೆಸರು ಮಾಡಿದ ಪಾದ್ರಿ ಇನ್ನೊಬ್ಬರಿರಲಿಲ್ಲ ಅಂದರೂ ತಪ್ಪಿಲ್ಲ. ಗುಲಾಮಗಿರಿಯ ವಿರುದ್ಧ ಕಾದಂಬರಿ ಬರೆದು ದೇಶವನ್ನೇ ಅಲುಗಿಸಿದ ಹ್ಯಾರಿಯೆಟ್ ಬೀಚರ್ ಸ್ಟೋ ಇವರ ಅಕ್ಕ.

ಬೀಚರ್‌ಗೆ ನಾಟಕದ ಗುಣ ಸ್ವಲ್ಪ ಜಾಸ್ತಿಯೇ ಇತ್ತು. ಚರ್ಚಿನ ವೇದಿಕೆಯ ಮೇಲೆ 'ಗುಲಾಮರ ಹರಾಜು' ನಡೆಸುತ್ತಿದ್ದರು. ಹರಾಜು ಕೂಗುವವರೂ ಅವರೇ. ಬಂದ ದುಡ್ಡಿನಿಂದ ಆ ಗುಲಾಮರ ಬಿಡುಗಡೆ ಆಗುತ್ತಿತ್ತು. 1860ರ ಫೆಬ್ರವರಿಯಲ್ಲಿ 'ಪಿಂಕಿ' ಅನ್ನುವ ಒಂಬತ್ತು ವರ್ಷದ ಹುಡುಗಿಯನ್ನು ಹೀಗೆ ನಿಲ್ಲಿಸಿದರು. ಅವಳ ಬೆಲೆ 900 ಡಾಲರ್. ಕಾಣಿಕೆ ತಟ್ಟೆಯಲ್ಲಿ ದುಡ್ಡಿನ ಜೊತೆ ಒಂದು ಉಂಗುರವೂ ಬಿತ್ತು. ಬೀಚರ್ ಆ ಉಂಗುರವನ್ನು ಹುಡುಗಿಯ ಬೆರಳಿಗೇ ತೊಡಿಸಿದರು. ಓದಿದರೆ ಕಣ್ಣು ಒದ್ದೆಯಾಗುತ್ತದೆ. ಹಾಗೆಯೇ, ಸಾವಿರಾರು ಜನರೆದುರು ಮಗುವೊಂದನ್ನು ಹರಾಜಿಗೆ ನಿಲ್ಲಿಸಿದ್ದು, ಅದು ಬಿಡಿಸಲಿಕ್ಕೇ ಆದರೂ, ಕಸಿವಿಸಿಯನ್ನೂ ಮಾಡುತ್ತದೆ.

ಅವರೇನೂ ದೇವರಂಥ ಮನುಷ್ಯ ಅಲ್ಲ. 1875ರಲ್ಲಿ ತಮ್ಮದೇ ಸಭೆಯ ಗೆಳೆಯನೊಬ್ಬನ ಹೆಂಡತಿಯ ಜೊತೆ ಸಂಬಂಧ ಇತ್ತು ಅನ್ನುವ ಆರೋಪದ ಮೇಲೆ ಕೋರ್ಟು ಹತ್ತಿದರು. ತೀರ್ಪುಗಾರರು ಒಮ್ಮತಕ್ಕೆ ಬರಲಿಲ್ಲ, ಕೇಸು ಅಲ್ಲಿಗೇ ನಿಂತಿತು.

'ಬೀಚರ್ಸ್ ಬೈಬಲ್' ಅಂದರೆ ಬೈಬಲ್ಲೋ ಕೋವಿಯೋ?

ಕೋವಿ. ಶಾರ್ಪ್ಸ್ ಕಂಪನಿಯ ರೈಫಲ್‌ಗೆ ಬಿದ್ದ ಅಡ್ಡಹೆಸರು ಅದು.

1856ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆ ಬೀಚರ್ ಮಾತನ್ನು ವರದಿ ಮಾಡಿತು. ಕಾನ್ಸಾಸ್‌ನ ಗುಲಾಮರ ಒಡೆಯರ ಮಟ್ಟಿಗೆ ಹೇಳುವುದಾದರೆ, ನೂರು ಬೈಬಲ್‌ಗಿಂತ ಒಂದು ಶಾರ್ಪ್ಸ್ ರೈಫಲ್‌ನಲ್ಲಿ ನೈತಿಕ ಬಲ ಜಾಸ್ತಿ ಇದೆ ಅನ್ನುವುದು ಅದರ ಸಾರ. ಆ ಜನಕ್ಕೆ ಬೈಬಲ್ ಓದಿ ಹೇಳುವುದೂ ಒಂದೇ, ಕಾಡೆಮ್ಮೆಗಳಿಗೆ ಓದಿ ಹೇಳುವುದೂ ಒಂದೇ ಅಂತಲೂ ಅಂದಿದ್ದರಂತೆ. ಕೋಣನ ಮುಂದೆ ಕಿನ್ನರಿ ಅಂತ ನಾವು ಹೇಳುತ್ತೇವಲ್ಲ, ಅದೇ. ಬ್ರೂಕ್ಲಿನ್ ಪಾದ್ರಿಗೂ ನಮ್ಮ ಗಾದೆ ಮಾಡಿದವರಿಗೂ ಹೊಳೆದದ್ದು ಒಂದೇ ಪ್ರಾಣಿ ನೋಡಿ.

ಒಬ್ಬ ಪಾದ್ರಿ ಹೀಗೆ ಹೇಳಿದರೆ ಸುಮ್ನೆ ಇರ್ತಾರಾ ಜನ? ವಿರೋಧಿಗಳು ಬೈದರು, ಬೆಂಬಲಿಗರು ಚಪ್ಪಾಳೆ ತಟ್ಟಿದರು. ಹೆಸರು ಮಾತ್ರ ಉಳಿಯಿತು.

ದುಡ್ಡು ಕೂಡಿಸಿದ್ದು ಹೇಗೆ?

ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ. ಯೇಲ್ ಕಾಲೇಜು ಇರುವ ಊರು ಅದು. ಅಲ್ಲಿ ಚಾರ್ಲ್ಸ್ ಬಿ. ಲೈನ್ಸ್ ಅನ್ನುವವರು ಕಾನ್ಸಾಸ್‌ಗೆ ಹೊರಡುವ ಗುಂಪು ಕಟ್ಟಿದ್ದರು. 1856ರ ಮಾರ್ಚ್‌ನಲ್ಲಿ ಅವರನ್ನು ಬೀಳ್ಕೊಡಲು ಊರಿನ ಚರ್ಚಿನಲ್ಲಿ ಸಭೆ ಸೇರಿತು. ಬೀಚರ್ ಭಾಷಣ ಮುಗಿಸಿದರು. ಈ ಗುಂಪಿನ ಕೈಯಲ್ಲಿ ಆಯುಧ ಇಲ್ಲವಲ್ಲ ಅನ್ನುವ ಮಾತು ಬಂತು. ಯೇಲ್‌ನ ಹಿರಿಯ ವಿಜ್ಞಾನಿ ಬೆಂಜಮಿನ್ ಸಿಲಿಮನ್ ಎದ್ದು ನಿಂತು ತಮ್ಮ ಪಾಲಿನದು ಒಂದು ರೈಫಲ್ ಅಂದರು. ಆಗ ಅವರಿಗೆ ವಯಸ್ಸು ಎಪ್ಪತ್ತಾರು.

ಅಲ್ಲಿಂದ ಶುರು. ನಮ್ಮ ಕಡೆ ದೇವಸ್ಥಾನದ ಜೀರ್ಣೋದ್ಧಾರದ ಸಭೆಯಲ್ಲಿ 'ನನ್ನ ಕಡೆಯಿಂದ ಹತ್ತು ಮೂಟೆ ಸಿಮೆಂಟು' ಅಂತ ಒಬ್ಬರು ಎದ್ದರೆ, ಪಕ್ಕದವರು ಕೂತಿರೋಕೆ ಆಗಲ್ಲ. ಹಾಗೇ ಆಯಿತು ಅಲ್ಲಿ. ಒಬ್ಬೊಬ್ಬರೇ ಎದ್ದು ಹೆಸರು ಕೂಗಿಸಿಕೊಂಡರು. ನೀವು 25 ಕೊಟ್ಟರೆ ಮಿಕ್ಕ 25 ನಮ್ಮ ಸಭೆಯದು ಅಂದರು ಬೀಚರ್. ಅಷ್ಟರಲ್ಲೇ 27 ರೈಫಲ್‌ಗೆ ಮಾತು ಬಂದಿತ್ತು. ಒಂದಕ್ಕೆ 25 ಡಾಲರ್. ಪ್ಲಿಮತ್ ಚರ್ಚ್ ಲೆಕ್ಕ ಹಾಕಿ 625 ಡಾಲರ್ ಕಳಿಸಿತು. ಬೈಬಲ್‌ಗಳು ಬಂದದ್ದು ಅದರ ಜೊತೆಗೇ.

ಶಾರ್ಪ್ಸ್ ರೈಫಲ್‌ನಲ್ಲಿ ಅಂಥಾದ್ದೇನಿತ್ತು?

ಮಲೆನಾಡು, ಕೊಡಗಿನ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ಅಲ್ಲಿ ಕೇಪಿನ ಕೋವಿ ಬೇರೆ, ತೋಟಾ ಕೋವಿ ಬೇರೆ. ಕೇಪಿನ ಕೋವಿಗೆ ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಹಾಕಿ, ಸಲಾಕೆಯಿಂದ ಜಡಿದು, ಕೇಪು ಇಟ್ಟು ಹೊಡೆಯಬೇಕು. ನಿಂತುಕೊಂಡೇ ಮಾಡಬೇಕಾದ ಕೆಲಸ. ಪಳಗಿದವನೂ ನಿಮಿಷಕ್ಕೆ ಎರಡು ಮೂರು ಈಡು ಹೊಡೆದರೆ ಹೆಚ್ಚು.

ಶಾರ್ಪ್ಸ್ ಇವೆರಡರ ನಡುವಿನದು. ಟ್ರಿಗರ್ ಸುತ್ತ ಇರುವ ಬಳೆಯೇ ಅದರ ಸನ್ನೆಗೋಲು. ಅದನ್ನು ಕೆಳಕ್ಕೆ ಎಳೆದರೆ ನಳಿಗೆಯ ಹಿಂದಿನ ಕಬ್ಬಿಣದ ಅಚ್ಚು ಜಾರಿ ಕೆಳಗಿಳಿಯುತ್ತದೆ. ಮದ್ದು, ಗುಂಡು ಎರಡನ್ನೂ ಸುತ್ತಿದ ಕಾಗದದ ತೋಟಾವನ್ನು ಹಿಂದಿನಿಂದ ತಳ್ಳಬೇಕು. ಬಳೆಯನ್ನು ಮೇಲಕ್ಕೆತ್ತಿದರೆ ಅಚ್ಚು ಏರಿ ಬರುತ್ತದೆ. ಬರುವಾಗ ಅದರ ಚೂಪು ಅಂಚು ತೋಟಾದ ಬಾಲವನ್ನು ಕತ್ತರಿಸುತ್ತದೆ, ಮದ್ದು ತೆರೆದುಕೊಳ್ಳುತ್ತದೆ. ಕೋವಿಯ ಕುದುರೆ, ಅಂದರೆ ಕೇಪಿಗೆ ಬಡಿಯುವ ಸುತ್ತಿಗೆ, ಎಳೆದು, ಕೇಪು ಇಟ್ಟು ಹೊಡೆಯುವುದಷ್ಟೇ ಬಾಕಿ. ನಿಮಿಷಕ್ಕೆ ಎಂಟು ಹತ್ತು ಈಡು. ಹುಲ್ಲಿನಲ್ಲಿ ಮಲಗಿಕೊಂಡೂ ತುಂಬಬಹುದು. ಕುದುರೆ ಮೇಲೆ ಕೂತೂ ತುಂಬಬಹುದು.

ಇಲ್ಲೊಂದು ಮಾತು. ಇದೇ ಹೊತ್ತಿಗೆ ನಮ್ಮಲ್ಲಿಗೆ ಬಂದ ಎನ್‌ಫೀಲ್ಡ್ ಕೋವಿಯ ಕಾಗದದ ತೋಟಾವನ್ನು ಸಿಪಾಯಿಗಳು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ಅದಕ್ಕೆ ಸವರಿದ ಕೊಬ್ಬಿನ ಗಲಾಟೆ 1857ಕ್ಕೆ ಎಲ್ಲಿಗೆ ಮುಟ್ಟಿತು ಅಂತ ಶಾಲೆಯಲ್ಲೇ ಓದಿದ್ದೇವೆ. ಶಾರ್ಪ್ಸ್‌ನಲ್ಲಿ ಆ ಕೆಲಸವನ್ನು ಕಬ್ಬಿಣವೇ ಮಾಡುತ್ತಿತ್ತು.

'ಬೈಬಲ್' ಅಂತ ಬರೆದ ಪೆಟ್ಟಿಗೆಯಲ್ಲಿ ಕೋವಿ ಬಚ್ಚಿಟ್ಟು ಸಾಗಿಸಿದರು ಅಂತಾರಲ್ಲ, ನಿಜವಾ?

ಕತೆ ಚೆನ್ನಾಗಿದೆ. ಎಲ್ಲ ಕಡೆ ಹೀಗೇ ಹೇಳುತ್ತಾರೆ. ನಡೆದದ್ದು ಇನ್ನೂ ಸ್ವಾರಸ್ಯವಾಗಿದೆ.

1855ರಲ್ಲಿ ಕಾನ್ಸಾಸ್‌ನ ಲಾರೆನ್ಸ್ ಊರಿಗೆ ಮೊದಲ ನೂರು ಶಾರ್ಪ್ಸ್ ರೈಫಲ್ ಬಂದಾಗ ಪೆಟ್ಟಿಗೆಗಳ ಮೇಲೆ 'ಪುಸ್ತಕಗಳು' ಅಂತ ಬರೆದಿತ್ತು. ಬೀಚರ್ ಮಾತು ಪತ್ರಿಕೆಯಲ್ಲಿ ಬಂದದ್ದು ಆಮೇಲೆ. ಪುಸ್ತಕ ಹೋಗಿ ಬೈಬಲ್ ಆಗಲು ಇಷ್ಟು ಸಾಕು. ನ್ಯೂ ಹೇವನ್‌ನವರ ವಿಷಯದಲ್ಲಿ ಗುಟ್ಟು ಅನ್ನುವುದೇ ಇರಲಿಲ್ಲ. ತುಂಬಿದ ಚರ್ಚಿನಲ್ಲಿ ಕೂಗಿ ಕೂಗಿ ದುಡ್ಡು ಎತ್ತಿದ್ದಾರೆ, ಪೇಪರಿನಲ್ಲೂ ಬಂದಿದೆ. ಇನ್ನು ಬಚ್ಚಿಡುವುದೇನು?

ಹಾಗಂತ ದಾರಿಯಲ್ಲಿ ಭಯ ಇರಲಿಲ್ಲ ಅಂತಲ್ಲ. ಕಾನ್ಸಾಸ್‌ಗೆ ಹೋಗುವವರು ಮಿಸೌರಿ ನದಿಯಲ್ಲಿ ಸ್ಟೀಮರ್ ಹಿಡಿಯಬೇಕಿತ್ತು. ನದಿ ಹರಿಯುವುದೋ ಮಿಸೌರಿ ರಾಜ್ಯದ ಮಧ್ಯೆ. 1856ರ ಮಾರ್ಚ್‌ನಲ್ಲಿ 'ಅರೇಬಿಯಾ' ಅನ್ನುವ ಸ್ಟೀಮರ್‌ನಲ್ಲಿ ಡೇವಿಡ್ ಸ್ಟಾರ್ ಹಾಯ್ಟ್ ಅನ್ನುವವರು ನೂರು ಶಾರ್ಪ್ಸ್ ಸಾಗಿಸುತ್ತಿದ್ದರು. ಲೆಕ್ಸಿಂಗ್ಟನ್ ಬಂದರಿನಲ್ಲಿ ಗುಲಾಮಗಿರಿ ಪರದವರು ಹತ್ತಿ ಎಲ್ಲವನ್ನೂ ಕಿತ್ತುಕೊಂಡರು. ಮನೆಗೆ ಹೋಗಿ ನೋಡಿದರೆ ಯಾವುದರಲ್ಲೂ ಹಿಂದಿನ ಅಚ್ಚು ಇಲ್ಲ! ಅದನ್ನೆಲ್ಲ ಬಿಚ್ಚಿ ಬೇರೆ ದಾರಿಯಲ್ಲಿ ಕಳಿಸಿಯಾಗಿತ್ತು. ಕಿತ್ತುಕೊಂಡವರ ಕೈಲಿ ಉಳಿದದ್ದು ನೂರು ಕಬ್ಬಿಣದ ಕೊಳವೆ.

ಆ ಸ್ಟೀಮರ್ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನೀರಿನಡಿಯ ಮರದ ಬೊಡ್ಡೆಗೆ ತಾಗಿ ಮುಳುಗಿತು. ಜನ ಎಲ್ಲ ಬದುಕಿದರು. ಕಟ್ಟಿಹಾಕಿದ್ದ ಒಂದು ಹೇಸರಗತ್ತೆ ಮಾತ್ರ ಸತ್ತಿತು. ನದಿ ದಿಕ್ಕು ಬದಲಿಸಿದ್ದರಿಂದ 1988ರಲ್ಲಿ ಅದನ್ನು ಅಗೆದು ತೆಗೆದದ್ದು ಹೊಲದೊಳಗಿಂದ. ಚರ್ಚಿನ ಕತೆಗೆ ಇದು ಬೇಕಿರಲಿಲ್ಲ, ಆದರೂ ಹೇಳದೆ ಇರೋಕೆ ಆಗಲಿಲ್ಲ.

ಬಂದವರು ಎಷ್ಟು ಮಂದಿ? ಬಂದಮೇಲೆ ಏನಾಯಿತು?

ಅರವತ್ತು ಎಪ್ಪತ್ತು ಮಂದಿ. 1856ರ ಏಪ್ರಿಲ್ ಕೊನೆಗೆ ವಬಾನ್ಸಿ ಮುಟ್ಟಿದರು. ಓದಿಕೊಂಡವರು, ಅಂಗಡಿ ಇಟ್ಟವರು, ಕುಶಲ ಕೆಲಸದವರೇ ಹೆಚ್ಚು. ಹುಲ್ಲುಗಾವಲಿನ ಗಟ್ಟಿ ನೆಲಕ್ಕೆ ಎತ್ತಿನ ನೇಗಿಲು ಹೂಡಿ ಗೊತ್ತಿದ್ದವರು ಕಡಿಮೆ. ಮೊದಲು ಡೇರೆ, ಆಮೇಲೆ ಮರದ ದಿಮ್ಮಿಯ ಗುಡಿಸಲು. ಚಳಿಜ್ವರ ಬಂದವರನ್ನೆಲ್ಲ ಮಲಗಿಸಿತು. ಅನೇಕರು ಮೊದಲ ವರ್ಷವೇ ಗಂಟು ಕಟ್ಟಿ ವಾಪಸ್ ಹೋದರು. ಬೀಳ್ಕೊಡುಗೆಯ ಹಾರ, ಭಾಷಣದ ಬಗ್ಗೆ ಓದುವಾಗ ಈ ಪುಟವನ್ನೂ ಓದಬೇಕು.

ಉಳಿದವರೂ ಸುಮ್ಮನೆ ಕೂರುವ ಹಾಗಿರಲಿಲ್ಲ. ಅವರು ಬಂದು ಒಂದು ತಿಂಗಳೂ ಆಗಿರಲಿಲ್ಲ, ಮೇ 21ರಂದು ಗುಲಾಮಗಿರಿ ಪರದವರು ಲಾರೆನ್ಸ್ ಊರಿಗೆ ನುಗ್ಗಿ ಪತ್ರಿಕೆಗಳ ಮುದ್ರಣ ಯಂತ್ರ ಒಡೆದು, ಹೋಟೆಲಿಗೆ ಬೆಂಕಿ ಇಟ್ಟರು. ಮಾರನೇ ದಿನ ವಾಷಿಂಗ್ಟನ್‌ನಲ್ಲಿ ಸೆನೆಟ್ ಸಭಾಂಗಣದೊಳಗೇ ಗುಲಾಮಗಿರಿ ವಿರೋಧಿ ಸೆನೆಟರ್ ಚಾರ್ಲ್ಸ್ ಸಮ್ನರ್‌ಗೆ ದೊಣ್ಣೆಯಿಂದ ಹೊಡೆದು ಪ್ರಜ್ಞೆ ತಪ್ಪಿಸಿದರು. ಕಾನ್ಸಾಸ್ ಬಗ್ಗೆ ಭಾಷಣ ಮಾಡಿದ್ದೇ ಅವರ ತಪ್ಪು.

ವಬಾನ್ಸಿಯವರು 'ಪ್ರೇರಿ ಗಾರ್ಡ್ಸ್' ಅಂತ ಪಡೆ ಕಟ್ಟಿಕೊಂಡರು. ಕ್ಯಾಪ್ಟನ್ ವಿಲಿಯಂ ಮಿಚೆಲ್ ಅದರ ಮುಖಂಡ. ಲಾರೆನ್ಸ್ ಕಾಯಲು ಈ ಪಡೆ ಹೋಗಿಬಂತು. ಆದರೂ ದೊಡ್ಡ ಕಾಳಗವೆಲ್ಲ ನಡೆದದ್ದು ಪೂರ್ವದ ಗಡಿಯ ಹತ್ತಿರ. ವಬಾನ್ಸಿ ಅಲ್ಲಿಂದ ಸುಮಾರು ನೂರು ಮೈಲಿ ಒಳಗಿದೆ. ಬೀಚರ್ ದುಡ್ಡಿನ ರೈಫಲ್‌ಗಳು ಹೆಚ್ಚು ಕಾಲ ಗೋಡೆಗೆ ಒರಗಿಯೇ ಇದ್ದವು ಅಂತ ನನ್ನ ಊಹೆ. ಇದೆ ಅಂತ ಎದುರಿನವರಿಗೆ ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ.

ಗುಲಾಮಗಿರಿ ವಿರುದ್ಧ ಆಯುಧ ಹಿಡಿದ ಜಾನ್ ಬ್ರೌನ್ ಈ ಗುಂಪಿನವನಾ?

ಅಲ್ಲ. 1856ರ ಮೇ 24ರ ರಾತ್ರಿ ಪೊಟವಾಟಮಿ ಹಳ್ಳದ ಬಳಿ ಗುಲಾಮಗಿರಿ ಪರದ ಐವರನ್ನು ಮನೆಯಿಂದ ಹೊರಗೆಳೆದು ಕೊಂದದ್ದು ಅವನ ಗುಂಪು. ಅವನ ಓಡಾಟ ಇದ್ದದ್ದು ಆಸವಾಟಮಿ ಕಡೆ.

ಈ ಚರ್ಚಿನೊಳಗೆ ಓಡಿಬಂದ ಗುಲಾಮರನ್ನು ಅಡಗಿಸುತ್ತಿದ್ದರಾ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಅತಿ ಹೆಚ್ಚು ತಪ್ಪು ಉತ್ತರ ಸಿಗುವುದೂ ಇದಕ್ಕೇ.

ತಾರೀಖು ನೋಡಿ. ಕಾನ್ಸಾಸ್ ಗುಲಾಮಗಿರಿ ಇಲ್ಲದ ರಾಜ್ಯವಾಗಿ ಒಕ್ಕೂಟ ಸೇರಿದ್ದು 1861ರ ಜನವರಿ 29ರಂದು. ಕಲ್ಲಿನ ಚರ್ಚು ಪ್ರತಿಷ್ಠೆಯಾದದ್ದು 1862ರ ಮೇನಲ್ಲಿ. ಅಂದರೆ ಮುಖ್ಯ ಜಗಳ ಮುಗಿದ ಮೇಲೆ ಕಟ್ಟಡ ಎದ್ದಿತು. ಗುಲಾಮರನ್ನು ಅಡಗಿಸಿದ್ದು ಆ ಗೋಡೆಗಳಲ್ಲ. ಆ ಸಭೆಯ ಜನ, ಅವರವರ ಮನೆಯಲ್ಲಿ.

'ಅಂಡರ್‌ಗ್ರೌಂಡ್ ರೈಲ್‌ರೋಡ್' ಅಂದ ಕೂಡಲೇ ಸುರಂಗ, ರೈಲು ಅಂದುಕೊಳ್ಳುವವರಿದ್ದಾರೆ. ಎರಡೂ ಅಲ್ಲ. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ, ಕತ್ತಲಲ್ಲಿ, ಜನರನ್ನು ದಾಟಿಸುವ ಸರಪಳಿ ಅದು. ಮಿಚೆಲ್ ಅವರ ಹೊಲದ ಮರದ ಮನೆ ಅಂಥದೊಂದು ತಂಗುದಾಣ. ಊರಿನ ಪ್ಲಾಟ್ ಕುಟುಂಬದ ಮನೆಯೂ ಹಾಗೇ. ಮಿಸೌರಿಯಿಂದ ತಪ್ಪಿಸಿಕೊಂಡವರು ಇಲ್ಲಿ ತಂಗಿ ಉತ್ತರಕ್ಕೆ ಹೊರಡುತ್ತಿದ್ದರು. ನೆಬ್ರಾಸ್ಕ ಗಡಿ ಸುಮಾರು ಅರವತ್ತು ಮೈಲಿ. ಅಲ್ಲಿಂದ ಮಿಸೌರಿ ನದಿ ದಾಟಿ ಅಯೋವಾ, ಮುಂದೆ ಕೆನಡಾ.

ಸಿಕ್ಕಿಬಿದ್ದರೆ? ಓಡಿಹೋದ ಗುಲಾಮರನ್ನು ಹಿಡಿದುಕೊಡುವ ಬಗ್ಗೆ ಮಾಡಿದ 1850ರ ಕಾಯಿದೆ ಪ್ರಕಾರ ಆಶ್ರಯ ಕೊಟ್ಟವರಿಗೆ 1,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ಒಂದು ರೈಫಲ್‌ಗೆ 25 ಡಾಲರ್ ಇದ್ದ ಕಾಲದ ಸಾವಿರ ಡಾಲರ್ ಅದು. ಬಂದವರಿಗಂತೂ ವಾಪಸ್ ಹೋದರೆ ಚಾಟಿ, ಇಲ್ಲವೇ ದೂರದ ದಕ್ಷಿಣಕ್ಕೆ ಮಾರಾಟ. ಈ ಕತೆಯಲ್ಲಿ ಎಲ್ಲರಿಗಿಂತ ಹೆಚ್ಚು ಎದೆಗಾರಿಕೆ ತೋರಿಸಿದವರು ಹೀಗೆ ಗೊತ್ತಿಲ್ಲದ ಬಾಗಿಲು ತಟ್ಟಿದವರು. ಫಲಕಗಳಲ್ಲಿ ಹೆಸರು ಇರುವುದು ಮಾತ್ರ ಬಾಗಿಲು ತೆಗೆದವರದು.

ಕಟ್ಟಡ ಹೇಗಿದೆ?

ಸಣ್ಣದು, ಸರಳ. ಅಲ್ಲೇ ಸಿಗುವ ಸುಣ್ಣಕಲ್ಲಿನ ಗೋಡೆ, ಇಳಿಜಾರು ಚಾವಣಿ. ಎತ್ತರದ ಗೋಪುರ, ಬಣ್ಣದ ಗಾಜಿನ ವೈಭವ ಬಯಸಿ ಹೋದರೆ ನಿರಾಸೆ ಆಗುತ್ತದೆ. ಒಳಗೆ ಬೆಂಚುಗಳ ನಟ್ಟನಡುವೆ ಒಂದು ಅಡ್ಡತಡೆ ಇದೆ. ಒಂದು ಕಡೆ ಗಂಡಸರು, ಇನ್ನೊಂದು ಕಡೆ ಹೆಂಗಸರು. ಗುಲಾಮಗಿರಿಯ ವಿಷಯದಲ್ಲಿ ಅಷ್ಟು ಮುಂದೆ ಹೋದವರು ಭಾನುವಾರ ಬೆಳಗ್ಗೆ ಹೆಂಡತಿ ಪಕ್ಕ ಕೂರಲು ಒಪ್ಪಲಿಲ್ಲ! ನಮ್ಮಲ್ಲೂ ಎಷ್ಟೋ ಚರ್ಚುಗಳಲ್ಲಿ ಇದೇ ಪದ್ಧತಿ ಇತ್ತು, ಹಾಗಾಗಿ ಜಾಸ್ತಿ ನಗುವಂತಿಲ್ಲ. 1971ರಲ್ಲಿ ಈ ಕಟ್ಟಡ ರಾಷ್ಟ್ರೀಯ ಐತಿಹಾಸಿಕ ತಾಣಗಳ ಪಟ್ಟಿಗೆ ಸೇರಿತು.

ಗುಲಾಮಗಿರಿ ಸರಿ ಅನ್ನೋರೂ ಬೈಬಲ್ಲೇ ತೋರಿಸ್ತಿದ್ದರಲ್ಲ?

ಹೌದು, ಅದೇ ಬೈಬಲ್. 'ಸೇವಕರೇ, ಯಜಮಾನರಿಗೆ ವಿಧೇಯರಾಗಿರಿ' ಅನ್ನುವ ಮಾತನ್ನು ಒಡೆಯರು ತೋರಿಸುತ್ತಿದ್ದರು. ಇಸ್ರಾಯೇಲರನ್ನು ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ಬಿಡಿಸಿದ ಕತೆಯನ್ನು ಗುಲಾಮರು ಹಾಡುತ್ತಿದ್ದರು. ಇದೇ ಜಗಳದಲ್ಲಿ ಅಮೆರಿಕದ ಮೆಥಡಿಸ್ಟರು 1844ರಲ್ಲಿ, ಬ್ಯಾಪ್ಟಿಸ್ಟರು 1845ರಲ್ಲಿ ಉತ್ತರ, ದಕ್ಷಿಣ ಅಂತ ಒಡೆದು ಹೋಳಾದರು. ವಬಾನ್ಸಿಯವರು ಕಾಂಗ್ರಿಗೇಷನಲ್ ಪಂಗಡದವರು. ಅಲ್ಲಿ ಮೇಲೆ ಬಿಷಪ್ ಇಲ್ಲ, ಪ್ರತಿ ಸಭೆಗೂ ಅದರದೇ ತೀರ್ಮಾನ. ಊರಿನವರು ಒಪ್ಪಿದರೆ ಸಾಕು, ಇನ್ನಾರನ್ನೂ ಕೇಳಬೇಕಿರಲಿಲ್ಲ.

ಗುಲಾಮಗಿರಿ ಬೇಡ ಅಂದವರೆಲ್ಲ ಕಪ್ಪು ಜನರನ್ನು ಸಮಾನರು ಅಂತ ನೋಡಿದರಾ?

ಇಲ್ಲ. ಇದನ್ನು ಮರೆಮಾಚಿ ಈ ಚರ್ಚಿನ ಕತೆ ಹೇಳುವುದು ಸರಿಯಲ್ಲ.

ಕಾನ್ಸಾಸ್‌ಗೆ ಬಂದ ಬಿಳಿಯರಲ್ಲಿ ಎಷ್ಟೋ ಮಂದಿಗೆ ಗುಲಾಮಗಿರಿ ಬೇಡವಾಗಿತ್ತು, ಕಪ್ಪು ಜನರೂ ಬೇಡವಾಗಿದ್ದರು. ಪುಕ್ಕಟೆ ದುಡಿಯುವ ಗುಲಾಮರು ಬಂದರೆ ತಮ್ಮ ಕೂಲಿ, ತಮ್ಮ ಭೂಮಿ ಹೋಗುತ್ತದೆ ಅನ್ನುವುದು ಅವರ ಚಿಂತೆ. 1855ರಲ್ಲಿ ಗುಲಾಮಗಿರಿ ವಿರೋಧಿಗಳೇ ಟೊಪೀಕಾದಲ್ಲಿ ಒಂದು ಸಂವಿಧಾನ ಬರೆದರು. ಅದರ ಜೊತೆಗೇ ಸ್ವತಂತ್ರ ಕಪ್ಪು ಜನರೂ ಕಾನ್ಸಾಸ್‌ಗೆ ಬರಬಾರದು ಅನ್ನುವ ಪ್ರಶ್ನೆಯನ್ನು ಮತಕ್ಕೆ ಹಾಕಿದರು. ಬರಬಾರದು ಅಂದವರು 1,287. ಬರಲಿ ಅಂದವರು 453. ಕೊನೆಗೆ ಜಾರಿಯಾದ ಸಂವಿಧಾನದಲ್ಲೂ ವೋಟು ಬಿಳಿ ಗಂಡಸರಿಗೆ ಮಾತ್ರ.

ವಬಾನ್ಸಿಯ ಗುಂಪು ಇದರಲ್ಲಿ ಎಲ್ಲಿ ನಿಲ್ಲುತ್ತದೆ? ಸಾವಿರ ಡಾಲರ್ ದಂಡಕ್ಕೆ ಹೆದರದೆ ಬಾಗಿಲು ತೆಗೆದವರನ್ನು ಆ 1,287ರ ಜೊತೆ ಸೇರಿಸಲು ನನಗೆ ಮನಸ್ಸು ಬರುವುದಿಲ್ಲ.

ಆ ಭೂಮಿ ಮೊದಲು ಯಾರದು?

ಬೀಚರ್ ಕತೆ ಹೇಳುವವರು ಇದನ್ನು ಹಾರಿಸಿಬಿಡುತ್ತಾರೆ. ಕಾನ್ಸಾಸ್ ಅನ್ನುವ ಹೆಸರೇ ಅಲ್ಲಿನ ಕಾ ಅಥವಾ ಕಾನ್ಸಾ ಜನರದು. 1846ರ ಒಪ್ಪಂದದಲ್ಲಿ ಅವರ ಕೈಯಿಂದ 20 ಲಕ್ಷ ಎಕರೆ ಹೋಯಿತು. ಅವರು ಕೌನ್ಸಿಲ್ ಗ್ರೋವ್ ಕಡೆ ಸರಿದರು. 1873ರಲ್ಲಿ ಅಲ್ಲಿಂದಲೂ ಎಬ್ಬಿಸಿ ಒಕ್ಲಹೋಮಾಗೆ ಕಳಿಸಿದರು. ವಬಾನ್ಸಿ ಅನ್ನುವುದು ಪೊಟವಾಟಮಿ ಜನರ ಒಬ್ಬ ಮುಖಂಡನ ಹೆಸರು. ಬೆಳಗಿನ ಜಾವ ಅನ್ನುವ ಅರ್ಥ ಹೇಳುತ್ತಾರೆ. ಆ ಜನವೂ ಇಲ್ಲಿಯವರಲ್ಲ, ಪೂರ್ವದ ಮಹಾ ಸರೋವರಗಳ ಕಡೆಯಿಂದ ಅಟ್ಟಿಸಿಕೊಂಡು ಬಂದವರು. ಸ್ವಾತಂತ್ರ್ಯಕ್ಕಾಗಿ ಬಂದ ನ್ಯೂ ಹೇವನ್‌ನವರಿಗೆ ಜಾಗ ಖಾಲಿಯಾಗಿ ಸಿಕ್ಕಿದ್ದರೆ, ಅದನ್ನು ಯಾರೋ ಖಾಲಿ ಮಾಡಿಸಿದ್ದರು.

ಇಂಥ ಚರ್ಚುಗಳು ಬೇರೆ ಇವೆಯಾ?

ಬೇಕಾದಷ್ಟು. ಓಹಾಯೋ ನದಿ ದಂಡೆಯ ರಿಪ್ಲಿಯಲ್ಲಿ ಪಾದ್ರಿ ಜಾನ್ ರ‍್ಯಾಂಕಿನ್ ಗುಡ್ಡದ ಮೇಲಿನ ಮನೆಯಲ್ಲಿ ದೀಪ ಇಡುತ್ತಿದ್ದರು, ಆಚೆ ದಡದ ಕೆಂಟಕಿಗೆ ಕಾಣಲಿ ಅಂತ. ಅಯೋವಾದ ಟೇಬರ್‌ನಲ್ಲಿ ಪಾದ್ರಿ ಜಾನ್ ಟಾಡ್ ಅವರ ಮನೆ ಕಾನ್ಸಾಸ್‌ನಿಂದ ಬಂದವರಿಗೆ ಮುಂದಿನ ತಂಗುದಾಣ. ಇಲಿನಾಯ್‌ನ ಆಲ್ಟನ್‌ನಲ್ಲಿ ಪಾದ್ರಿ ಎಲೈಜಾ ಲವ್‌ಜಾಯ್ ಅವರನ್ನು 1837ರಲ್ಲಿ ಗುಂಪೊಂದು ಗುಂಡಿಟ್ಟು ಕೊಂದಿತು. ಅವರು ಕಾಯುತ್ತಿದ್ದದ್ದು ತಮ್ಮ ಮುದ್ರಣ ಯಂತ್ರವನ್ನು.

ನೋಡಲು ಹೋಗೋದು ಹೇಗೆ?

ಕಾನ್ಸಾಸ್‌ನಲ್ಲೂ ಒಂದು ಮ್ಯಾನ್‌ಹಟನ್ ಇದೆ. ಗಗನಚುಂಬಿ ಕಟ್ಟಡಗಳದ್ದಲ್ಲ, ಕಾನ್ಸಾಸ್ ಸ್ಟೇಟ್ ಯೂನಿವರ್ಸಿಟಿ ಇರುವ ಊರು. ಮಗ ಮಗಳು ಅಲ್ಲಿ ಓದುತ್ತಿದ್ದು, ನೋಡಲು ಹೋದ ಅಪ್ಪ ಅಮ್ಮ ಶನಿವಾರ ಏನು ಮಾಡೋದು ಅಂತ ಕೂತಿದ್ದರೆ, ಕಾರಿನಲ್ಲಿ ಪೂರ್ವಕ್ಕೆ ಅರ್ಧ ಗಂಟೆ ಸಾಕು. ವಮೀಗೋ ಅನ್ನುವ ಊರು ಹತ್ತಿರದ್ದು. ಚರ್ಚಿನ ಬಾಗಿಲು ಸದಾ ತೆರೆದಿರುತ್ತದೆ ಅಂದುಕೊಳ್ಳಬೇಡಿ, ವಿಚಾರಿಸಿಕೊಂಡು ಹೋಗಿ.

ಅಷ್ಟು ದೂರ ಹೋದಮೇಲೆ ಮೌಂಟ್ ಮಿಚೆಲ್ ಹತ್ತದೆ ಬರಬೇಡಿ. ಮೌಂಟ್ ಅಂದರೆ ಹೆದರಬೇಕಿಲ್ಲ, ಮೊಮ್ಮಕ್ಕಳೂ ಹತ್ತುವ ಗುಡ್ಡ. ಕ್ಯಾಪ್ಟನ್ ಮಿಚೆಲ್ ಮನೆತನದವರು ಬಿಟ್ಟುಕೊಟ್ಟ ಜಾಗ. ಫ್ಲಿಂಟ್ ಹಿಲ್ಸ್ ಅನ್ನುವ ಈ ಸೀಮೆಯಲ್ಲಿ ಮಣ್ಣು ತೆಳು, ಕೆಳಗೆ ಸುಣ್ಣಕಲ್ಲು ಮತ್ತು ಚಕಮಕಿ ಕಲ್ಲು. ನೇಗಿಲು ಇಳಿಯಲಿಲ್ಲ, ಹಾಗಾಗಿ ಹಳೆಯ ಹುಲ್ಲುಗಾವಲು ಉಳಿದುಕೊಂಡಿದೆ. ಮಳೆಗಾಲ ಮುಗಿದು ನಮ್ಮಲ್ಲಿ ನವರಾತ್ರಿ ಬರುವ ಹೊತ್ತಿಗೆ ಅಲ್ಲಿನ ಹುಲ್ಲು ಕೆಂಪಗೆ ತಿರುಗಿರುತ್ತದೆ, ಕೆಲವು ಕಡೆ ಆಳೆತ್ತರ. ಮೇಲೆ ನಿಂತು ಉತ್ತರಕ್ಕೆ ಮುಖ ಮಾಡಿದರೆ ಕಾನ್ಸಾಸ್ ನದಿಯ ಬಯಲು ಕಾಣುತ್ತದೆ. ಮಿಚೆಲ್ ಮನೆಯಿಂದ ರಾತ್ರಿ ಹೊರಟವರು ದಾಟಬೇಕಿದ್ದ ನದಿ ಅದು.